ಸ್ನಾನಘಟ್ಟದಲ್ಲೊಂದು ಹರಾಜು



ನಂಜನಗೂಡಿನ ಹಲ್ಲುಪುಡಿಯನ್ನು ಅರಿಯದವರು ನಮ್ಮಲ್ಲಿ ಯಾರೂ ಇರಲಾರರು. ಬಿ. ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಆ ಕೆಂಪು ಪುಡಿಯ ಜಾಹೀರಾತನ್ನು ನನ್ನ ಬಾಲ್ಯದಲ್ಲಿ ಪತ್ರಿಕೆಗಳಲ್ಲಿ ಕಾಣುತ್ತಿದ್ದೆವು. ಅದು ಧಣಿಗೂ ಕೂಲಿಯವನಿಗೂ ಒಂದೇ ಮಾತು ಹೇಳುತ್ತಿತ್ತು. ಓದುತ್ತಿರುವವನು ಯಾರೆಂದು ಅದಕ್ಕೆ ತಿಳಿಯುತ್ತಿರಲಿಲ್ಲ, ತಿಳಿಯುವ ಹಂಬಲವೂ ಇರಲಿಲ್ಲ. ಬೇಡವೆಂದರೆ ಪುಟ ಮಗುಚಿದರಾಯಿತು. ಆದ್ದರಿಂದ ಜಾಹೀರಾತೆಂದೊಡನೆ ಮೂಗು ಮುರಿಯುವವನು ನಾನಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಕಳೆದ ತಿಂಗಳ ಒಂದು ಸಂಜೆ ಶ್ರೀಕಂಠೇಶ್ವರನ ದರ್ಶನ ಮುಗಿಸಿ, ಕಪಿಲೆಯ ಹದಿನಾರು ಕಾಲು ಮಂಟಪದ ಬಳಿ ಸ್ನಾನಘಟ್ಟದ ಮೆಟ್ಟಿಲ ಮೇಲೆ ಕುಳಿತಿದ್ದೆ. ಪಕ್ಕದಲ್ಲಿದ್ದ ಹಳೆಯ ಸಹೋದ್ಯೋಗಿಗೆ ಒಂದು ಕೀರ್ತನೆ ಕೇಳಿಸೋಣವೆಂದು ಮೊಬೈಲ್ ತೆರೆದೆ. ಕೀರ್ತನೆಗೆ ಮುನ್ನ ಹೆಂಗಸೊಬ್ಬಳ ದನಿ ಗಟ್ಟಿಯಾಗಿ ಕೇಳಿಸಿತು: ನಿಮ್ಮ ಬಾಳಸಂಗಾತಿ ನೆನಪು ಕಳೆದುಕೊಳ್ಳುತ್ತಿದ್ದಾರೆಯೇ, ನಮ್ಮ ಆರೈಕೆ ಕೇಂದ್ರಕ್ಕೆ ಕರೆತನ್ನಿ... ಸಹೋದ್ಯೋಗಿ ನನ್ನ ಮುಖ ನೋಡಿದರು. ನಾನು ನದಿಯನ್ನು ನೋಡಿದೆ.

ಸಂಗತಿಯೇನೆಂದರೆ, ನನ್ನ ಮಡದಿಗೆ ಕೆಲವು ತಿಂಗಳುಗಳಿಂದ ಮರೆವು ಹೆಚ್ಚುತ್ತಿದೆ. ವೈದ್ಯರನ್ನು ಕಂಡು ಬಂದಿದ್ದೇವೆ. ತಿ. ನರಸೀಪುರದ ಅಕ್ಕನಿಗೂ ಹೇಳಿರಲಿಲ್ಲ; ಮಕ್ಕಳಿಗೆ ಅರ್ಧ ಮಾತ್ರ ಹೇಳಿದ್ದೆ. ರಾತ್ರಿ ನಿದ್ರೆ ಬಾರದಾಗ ಆ ಕಾಯಿಲೆಯ ವಿಷಯವನ್ನು ಮೊಬೈಲಿನಲ್ಲಿ ಹುಡುಕಿ ಓದಿದ್ದೆ, ಅಷ್ಟೇ. ಒಡಹುಟ್ಟಿದವಳಿಗಿಂತ ಮೊದಲು ಅಂಗಡಿಯವನಿಗೆ ತಿಳಿಯಿತು! (ಅಕ್ಕ, ಮರುದಿನವೇ ಬಸ್ಸು ಹತ್ತಿ ಬಂದು ನಿನಗೆ ಹೇಳಿದ್ದು ಈ ಕಾರಣಕ್ಕೇ. ಮುನಿಸಿಕೊಳ್ಳಬೇಡ.)

ಇದರ ಒಳಗುಟ್ಟನ್ನು ಬೆಂಗಳೂರಿನಲ್ಲಿರುವ ಶಿಷ್ಯನೊಬ್ಬ ಬಿಡಿಸಿ ಹೇಳಿದ. ನಾವು ತೆರೆದ ಪುಟ ಕಣ್ಣಿಗೆ ಬೀಳುವಷ್ಟರಲ್ಲಿ, ಕಣ್ಣು ಮಿಟುಕಿಸುವ ಹೊತ್ತಿನಲ್ಲಿ, ಒಂದು ಹರಾಜು ನಡೆದು ಮುಗಿದಿರುತ್ತದಂತೆ. ಮೊಬೈಲಿಗೊಂದು ಜಾಹೀರಾತಿನ ಗುರುತುಸಂಖ್ಯೆ. ಅದರ ಬೆನ್ನಿಗೆ ನಾವು ಓದಿದ್ದು, ಕೊಂಡದ್ದು, ನಿಂತ ಜಾಗ. ಕೂಗುವವರು ಯಂತ್ರಗಳು, ಮಾರಾಟವಾಗುವುದು ನಮ್ಮ ಗಮನ. ನಕ್ಷೆಯ ಮೇಲೆ ಒಂದೆರಡು ಕಿಲೋಮೀಟರ್ ತ್ರಿಜ್ಯದ ವೃತ್ತ ಎಳೆದು, ಅದರೊಳಗಿನ ಮೊಬೈಲುಗಳಿಗೆ ಮಾತ್ರ ಮಾತು ತಲುಪಿಸುವುದೂ ಸಾಧ್ಯ. ನಿಮಗೆಲ್ಲ ಕೈವಾರ ಹಿಡಿಯಲು ಕಲಿಸಿದವನು ನಾನೇ. ಆ ವೃತ್ತದೊಳಗೆ ಒಂದು ದಿನ ನಾನೇ ಕೂರುವೆನೆಂದು ಎಣಿಸಿರಲಿಲ್ಲ.

ತಿ. ನರಸೀಪುರದ ಸಂಗಮವನ್ನು ನೆನೆಯಿರಿ. ಕಾವೇರಿ, ಕಪಿಲೆ, ಸ್ಫಟಿಕ ಸರೋವರಗಳು ಕೂಡುವ ಆ ಸ್ಥಳದಲ್ಲಿ 1989ರಲ್ಲಿ ಆರಂಭವಾದ ಕುಂಭಮೇಳ 2025ರ ಫೆಬ್ರವರಿ 10ರಿಂದ 12ರವರೆಗೆ ನಡೆಯಿತು. ನೀರಿಗಿಳಿದವನನ್ನು ಅಲ್ಲಿ ಯಾರೂ ನೀನಾರು, ನಿನಗೇನು ಕಾಯಿಲೆ, ನಿನಗೆಷ್ಟು ಸಾಲ ಎಂದು ಕೇಳುವುದಿಲ್ಲ. ಜನಸಂದಣಿಯಲ್ಲಿ ಗುರುತಿಲ್ಲದವನಾಗಿ ಇರುವುದೇ ಒಂದು ಬಿಡುಗಡೆ. ಜಾತ್ರೆ, ಸಂತೆ, ಬಸ್ ನಿಲ್ದಾಣಗಳು ಎಲ್ಲರವೂ ಆಗಿರುವುದು ಈ ಕಾರಣದಿಂದ. ಆ ಬಿಡುಗಡೆಯನ್ನೇ ಈ ವ್ಯಾಪಾರ ಕಸಿಯುತ್ತಿದೆ ಎಂಬುದು ನನ್ನ ತಕರಾರು.

ಇನ್ನು ಬೀದಿಯ ಪರದೆಗಳ ಮಾತು. ಅವು ನಮ್ಮ ಕಿಸೆಯಲ್ಲೂ ಇರುವುದಿಲ್ಲ, ಆರಿಸಿಡಲೂ ಬರುವುದಿಲ್ಲ. ಲಂಡನ್ನಿನಲ್ಲಿ 2013ರಲ್ಲಿ ಜಾಹೀರಾತಿನ ಪರದೆ ಹೊತ್ತ ಕಸದ ತೊಟ್ಟಿಗಳು ದಾರಿಹೋಕರ ಮೊಬೈಲುಗಳ ಗುರುತನ್ನು ದಾಖಲಿಸುತ್ತಿದ್ದವು. ಸುದ್ದಿಯಾದ ಮೇಲೆ ನಗರಾಡಳಿತ ನಿಲ್ಲಿಸಲು ಹೇಳಿತು. ಕೆನಡಾದ ಮಾಲ್‌ಗಳ ಮಾಹಿತಿ ಫಲಕಗಳಲ್ಲಿ ಅಡಗಿದ್ದ ಕ್ಯಾಮೆರಾಗಳು ಸುಮಾರು 50 ಲಕ್ಷ ಮುಖಚಿತ್ರಗಳನ್ನು ಹಿಡಿದಿದ್ದವೆಂದು ಅಲ್ಲಿಯ ಖಾಸಗಿತನ ಆಯುಕ್ತರು 2020ರಲ್ಲಿ ಬಯಲಿಗೆಳೆದರು. ಕಸದ ತೊಟ್ಟಿಗೂ ಕಣ್ಣು ಬಂದ ಕಾಲವಿದು!

“ಸಾರ್, ಅವರಿಗೆ ನಿಮ್ಮ ಹೆಸರು ಗೊತ್ತಿರುವುದಿಲ್ಲ, ನೀವು ಒಂದು ಸಂಖ್ಯೆ ಮಾತ್ರ” ಎಂದು ಆ ಶಿಷ್ಯ ಸಮಾಧಾನ ಹೇಳಿದ. ಹಾಜರಿ ಪುಸ್ತಕದಲ್ಲಿ ನೀವೂ ನನಗೆ ಸಂಖ್ಯೆಗಳೇ ಆಗಿದ್ದಿರಿ, ಮಗು. ಹದಿನೇಳನೆಯ ಸಂಖ್ಯೆ ಊಟವಿಲ್ಲದೆ ಶಾಲೆಗೆ ಬಂದಿದೆಯೆಂಬುದು ನನಗೆ ತಿಳಿಯುತ್ತಿತ್ತು. ಆದರೆ ಅದನ್ನು ನಾನು ಯಾರಿಗೂ ಮಾರಲಿಲ್ಲ.

ಕಾನೂನೇನೋ ಇದೆ. ಗೋಡೆಗಳ ಅಂದ ಕೆಡಿಸದಂತೆ, ತೆರೆದ ಸ್ಥಳಗಳ ವಿರೂಪವನ್ನು ತಡೆಯುವ ಕಾಯ್ದೆಯನ್ನು ಕರ್ನಾಟಕ 1981ರಲ್ಲೇ ಮಾಡಿತು. ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದರು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರತ್ತ ಗುರಿಯಿಟ್ಟ ಜಾಹೀರಾತು ಕೂಡದೆನ್ನುತ್ತದೆ. ಒಳ್ಳೆಯದೇ. ಎಪ್ಪತ್ತು ದಾಟಿದವರ ಪಾಡೇನು? ನಮಗೆ ಉಳಿದಿರುವುದು ‘ಒಪ್ಪಿಗೆ’ ಎಂಬ ಗುಂಡಿ. ಅದನ್ನು ನಾನು ಎಷ್ಟು ಬಾರಿ ಓದದೆ ಒತ್ತಿದ್ದೇನೋ! ಬಸ್ಸಿಗೆ ಕಾಯುತ್ತ ನಿಂತವನಿಗೆ ಆ ಗುಂಡಿಯೂ ಇಲ್ಲ.

ನಂಜನಗೂಡು, ತಿ. ನರಸೀಪುರಗಳ ಆಡಳಿತದವರಲ್ಲಿ ನನ್ನ ಬೇಡಿಕೆ ಚಿಕ್ಕದು. ಸಾರ್ವಜನಿಕ ಜಾಗವನ್ನು ಪರದೆಗೆಂದು ಗುತ್ತಿಗೆ ಕೊಡುವುದಾದರೆ, ಕ್ಯಾಮೆರಾ ಇರಕೂಡದು, ಮೊಬೈಲುಗಳ ಜಾಡು ಹಿಡಿಯಕೂಡದು, ಎಲ್ಲರಿಗೂ ಒಂದೇ ಮಾತು ಹೇಳತಕ್ಕದ್ದು ಎಂಬ ಷರತ್ತನ್ನು ಕರಾರಿನಲ್ಲೇ ಬರೆಸಲಿ. ಹಲ್ಲುಪುಡಿಗೆ ಸಾಕಾಗಿದ್ದ ಮರ್ಯಾದೆ ಇವರಿಗೂ ಸಾಕು.

ಈ ಉದ್ಯೋಗದಲ್ಲೇ ಇರುವ ಶಿಷ್ಯರು ಸಂಕೋಚಪಡದೆ ನನಗೆ ಉತ್ತರ ಬರೆಯಿರಿ. ದೊಡ್ಡ ಜಾತ್ರೆಗೆ ಬಂದವರು ಮನೆಗೂ ಬನ್ನಿ. ನಿಮ್ಮ ಹೆಸರು ಅವಳಿಗೆ ಕೂಡಲೇ ನೆನಪಾಗದಿದ್ದರೆ ಬೇಸರಿಸಬೇಡಿ, ಇನ್ನೊಮ್ಮೆ ಹೇಳಿ.