ಬಾಯಾರಿದಾಗ ಬಾವಿ ತೋಡುವ ನಾಯಿಪ್ರಿಯರು

ನಾವಿರುವ ಹಿಂಜವಾಡಿಯಲ್ಲಿ ಯಾರಿಗಾದರೂ ಫಾರಿನ್‌ಗೆ ವರ್ಗವಾಯಿತು ಅಂದರೆ ಅಪಾರ್ಟ್‌ಮೆಂಟಿನ ನೋಟೀಸ್ ಬೋರ್ಡಿಗೆ ಎರಡು ಚೀಟಿ ಹತ್ತುತ್ತವೆ. ಒಂದರಲ್ಲಿ ಫ್ರಿಜ್ಜು, ಸೋಫಾ, ವಾಷಿಂಗ್ ಮಶಿನ್ ಮಾರಾಟಕ್ಕಿವೆ. ಇನ್ನೊಂದರಲ್ಲಿ ನಾಯಿಯನ್ನು ಒಳ್ಳೆಯ ಮನೆಗೆ ಉಚಿತವಾಗಿ ಕೊಡುವುದಿದೆ. ಸೋಫಾಕ್ಕೆ ಬೆಲೆಯಿದೆ, ನಾಯಿಗಿಲ್ಲ.

ಯಾಕಪ್ಪಾ ಅಂದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ: "ಆ ದೇಶದ ಕ್ವಾರಂಟೈನ್ ರೂಲ್ಸ್ ತುಂಬಾ ಕ್ರೂರ ಅಂಕಲ್. ಆರು ತಿಂಗಳು ಬೇಕಂತೆ, ನನಗಿರೋದು ಆರು ವಾರ." ಈ ಮಾತನ್ನು ನಾನು ಸುತರಾಂ ಒಪ್ಪುವುದಿಲ್ಲ. ಕ್ರೂರವಾದದ್ದು ಆ ನಿಯಮವಲ್ಲ. ಅದನ್ನು ತಿಳಿಯುವ ಗೋಜಿಗೇ ಹೋಗದೆ ನಾಯಿ ಸಾಕುವ ನಮ್ಮ ಚಾಳಿ ಕ್ರೂರವಾದದ್ದು.

ನಿಯಮವನ್ನು ಒಮ್ಮೆ ನೋಡಿ. ಬ್ರಿಟನ್ನಿಗೋ ಯುರೋಪಿಗೋ ಹೋಗುವ ನಾಯಿಗೆ ಮೊದಲು ಮೈಕ್ರೋಚಿಪ್, ಆಮೇಲೆ ರೇಬಿಸ್ ಲಸಿಕೆ. ಕನಿಷ್ಠ 30 ದಿನ ಬಿಟ್ಟು ರಕ್ತಪರೀಕ್ಷೆ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಜಪಾನಿಗಾದರೆ ಲಸಿಕೆ ಎರಡು, ಕಾಯುವುದು 180 ದಿನ. ಮೊದಲೇ ಹೋದರೆ ಉಳಿದ ದಿನಗಳನ್ನು ಅಲ್ಲಿನ ಸರ್ಕಾರದ ವಶದಲ್ಲಿ ಕಳೆಯಬೇಕು. ಆಸ್ಟ್ರೇಲಿಯಾ ಭಾರತದಿಂದ ನೇರವಾಗಿ ನಾಯಿಯನ್ನು ಬಿಟ್ಟುಕೊಳ್ಳುವುದೇ ಇಲ್ಲ. ಅದು ಒಪ್ಪಿದ ಬೇರೊಂದು ದೇಶದ ಮೂಲಕ ಹೋಗಬೇಕು, ಆಮೇಲೂ ಮೆಲ್ಬರ್ನ್ ಬಳಿಯ ಮಿಕಲ್‌ಹ್ಯಾಮ್ ಕೇಂದ್ರದಲ್ಲಿ ಕನಿಷ್ಠ 10 ದಿನ ಇರಬೇಕು. ಅಮೆರಿಕ 2021ರಲ್ಲಿ ಭಾರತವೂ ಸೇರಿದಂತೆ ನೂರಕ್ಕೂ ಹೆಚ್ಚು ದೇಶಗಳ ನಾಯಿಗಳನ್ನು ತಡೆದಿತ್ತು. 2024ರ ಆಗಸ್ಟಿನಿಂದ ಅಲ್ಲಿಯೂ ನಮ್ಮಂಥ ದೇಶದಲ್ಲಿ ಲಸಿಕೆ ಹಾಕಿಸಿಕೊಂಡ ನಾಯಿಗೆ ಚಿಪ್ ಬೇಕು, ರಕ್ತಪರೀಕ್ಷೆ ಬೇಕು. ರಕ್ತಪರೀಕ್ಷೆ ಇಲ್ಲವಾದರೆ 28 ದಿನ ಕ್ವಾರಂಟೈನ್.

"ಲಸಿಕೆ ಹಾಕಿದ ಮೇಲೆ ಕಾಯೋದ್ಯಾಕೆ?" ಅನ್ನುವವರಿದ್ದಾರೆ. ರೇಬಿಸ್ ವೈರಸ್ಸು ಮೈಯೊಳಗೆ ಸೇರಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಲಸಿಕೆಗೆ ಮೊದಲೇ ಸೋಂಕು ತಗುಲಿದ್ದರೆ ರಕ್ತಪರೀಕ್ಷೆಯೊಂದೇ ಅದನ್ನು ಹೇಳಲಾರದು, ಕಾಲ ಹೇಳುತ್ತದೆ. ಅದಕ್ಕೇ ಕಾಯುವುದು. ಪ್ರಪಂಚದ ರೇಬಿಸ್ ಸಾವುಗಳಲ್ಲಿ ಶೇಕಡಾ 36ರಷ್ಟು ಭಾರತದಲ್ಲೇ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬ್ರಿಟನ್ ಈ ರೋಗವನ್ನು 1922ರಲ್ಲೇ ತೊಲಗಿಸಿತು. ತೊಲಗಿಸಿದವರು ಬಾಗಿಲು ಕಾಯುತ್ತಾರೆ, ಅದರಲ್ಲಿ ಅವಮಾನ ಏನಿದೆ? ಕಾವಲು ನಮಗೆ ಮಾತ್ರ ಅಂತಲೂ ಅಲ್ಲ. 2015ರಲ್ಲಿ ಹಾಲಿವುಡ್ ನಟ ಜಾನಿ ಡೆಪ್‌ನ ಎರಡು ನಾಯಿಗಳು ಖಾಸಗಿ ವಿಮಾನದಲ್ಲಿ ಕದ್ದು ಆಸ್ಟ್ರೇಲಿಯಾ ಸೇರಿದಾಗ, ವಾಪಸ್ ಕಳಿಸದಿದ್ದರೆ ಕೊಲ್ಲಿಸುತ್ತೇನೆ ಅಂತ ಅಲ್ಲಿನ ಮಂತ್ರಿಯೇ ಗುಡುಗಿದ್ದರು.

ನಮ್ಮವರು ಮರೆಯುವ ಸಂಗತಿ ಇನ್ನೊಂದಿದೆ. ಹಿಂದೆ ಬ್ರಿಟನ್ನಿಗೆ ಹೋದ ನಾಯಿ ಆರು ತಿಂಗಳು ಪಂಜರದಲ್ಲಿ ಕೊಳೆಯಬೇಕಿತ್ತು. 2000ದಲ್ಲಿ ಅದನ್ನು ಸಡಿಲಿಸಿ ಚಿಪ್ಪು, ಲಸಿಕೆ, ರಕ್ತಪರೀಕ್ಷೆಯ ವ್ಯವಸ್ಥೆ ತಂದರು. ಅಂದರೆ ಈಗಿನ ಕಾಯುವಿಕೆಯಲ್ಲಿ ಬಹುಪಾಲು ನಿಮ್ಮ ಮನೆಯಲ್ಲೇ, ನಿಮ್ಮ ಸೋಫಾದ ಮೇಲೇ ಆಗುತ್ತದೆ. ಬೇಗ ಶುರುಮಾಡಿದ ನಾಯಿಗೆ ಅದು ಶಿಕ್ಷೆಯೇ ಅಲ್ಲ. ಲಸಿಕೆಯನ್ನು ತಪ್ಪದೆ ಹಾಕಿಸುತ್ತಿದ್ದರೆ ಯುರೋಪಿಗೆ ಆ ರಕ್ತಪರೀಕ್ಷೆಯನ್ನು ಮತ್ತೆ ಮಾಡಿಸುವುದೂ ಬೇಡ; ಜಪಾನಿಗೆ ಎರಡು ವರ್ಷ ನಡೆಯುತ್ತದೆ. ಆನ್‌ಸೈಟ್ ಕನಸು ಕಾಣುತ್ತಲೇ ಕೆಲಸಕ್ಕೆ ಸೇರುವ ಹುಡುಗರು ನಾಯಿಮರಿ ತಂದ ವರ್ಷವೇ ಇದನ್ನು ಮಾಡಿಸಿಡಬಾರದೇ? ಮಾಡಿಸುವುದಿಲ್ಲ. ಎಷ್ಟೋ ಮನೆಗಳಲ್ಲಿ ಲಸಿಕೆ ಮೊದಲು ಆಗಿರುತ್ತದೆ, ಚಿಪ್ಪು ಇರುವುದೇ ಇಲ್ಲ. ಚಿಪ್ಪಿಗೆ ಮೊದಲು ಹಾಕಿದ ಲಸಿಕೆ ಈ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಂಕಿನಲ್ಲಿ ನಾವು ಸಾಲ ಕೊಟ್ಟ ಮೇಲೆ ಅಡಮಾನದ ಪತ್ರ ಬರೆಸಿಕೊಂಡ ಹಾಗೆ.

ಆ ಮೇಲೆ ಭಾರ ಬೀಳುವುದು ಯಾರ ತಲೆಗೆ? ಊರಲ್ಲಿರುವ ಅಪ್ಪ ಅಮ್ಮನ ತಲೆಗೆ. "ಎರಡೇ ತಿಂಗಳು ನೋಡ್ಕೊಳ್ಳಿ" ಅಂತ ಹೇಳಿ, ರಾತ್ರೋರಾತ್ರಿ ಕಾರಿನಲ್ಲಿ ಧಾರವಾಡಕ್ಕೋ ದಾವಣಗೆರೆಗೋ ತಂದು ಬಿಡುತ್ತಾರೆ. ಎರಡು ತಿಂಗಳು ಎರಡು ವರ್ಷವಾಗುತ್ತದೆ. ಮೊಣಕಾಲು ನೋವಿನ ಎಪ್ಪತ್ತರ ಮುದುಕರನ್ನು ಮೂವತ್ತು ಕಿಲೋದ ಲ್ಯಾಬ್ರಡಾರು ಬೆಳಿಗ್ಗೆ ಸಂಜೆ ಬೀದಿಗೆಳೆಯುತ್ತದೆ. ಹಾಗೆ ಬಿಡಲು ಊರೂ ಇಲ್ಲದವರ ನಾಯಿಗಳನ್ನು ನಾನು ಮಾರುಂಜಿ ರಸ್ತೆಯಲ್ಲಿ ನೋಡಿದ್ದೇನೆ. ಕೊರಳಲ್ಲಿ ಪಟ್ಟಿ ಇನ್ನೂ ಇರುತ್ತದೆ, ಬೀದಿನಾಯಿಗಳ ಜೊತೆ ಕಚ್ಚಾಡಲು ಮಾತ್ರ ಬರುವುದಿಲ್ಲ.

ಖರ್ಚು ದುಬಾರಿ ಅನ್ನುವುದು ನಿಜ, ಒಪ್ಪುತ್ತೇನೆ. ಎಲ್ಲ ನಾಯಿಗೂ ಪ್ರಯಾಣ ಹಿಡಿಸುವುದಿಲ್ಲ ಅನ್ನುವುದೂ ನಿಜ. 2003ರ ಹಚ್ ಜಾಹೀರಾತು ನೋಡಿ ಮನೆಮನೆಗೂ ಬಂದ ಪಗ್ ನಾಯಿಯನ್ನೇ ನೋಡಿ. ಮೊಂಡು ಮೂಗಿನಿಂದ ಅದಕ್ಕೆ ಉಸಿರಾಟವೇ ಕಷ್ಟ, ಅನೇಕ ವಿಮಾನ ಸಂಸ್ಥೆಗಳು ಅದನ್ನು ಸರಕಿನ ಅಂಕಣಕ್ಕೆ ಸೇರಿಸುವುದೇ ಇಲ್ಲ. ಆದರೆ ಇವೆಲ್ಲ ನಾಯಿ ತರುವ ಮೊದಲೇ ಯೋಚಿಸಬೇಕಾದ ಮಾತುಗಳು. ಹೊರಡುವ ಹಿಂದಿನ ವಾರ ಹೇಳಿದರೆ ಅದು ಬರೀ ನೆಪ.

ಕಂಪನಿಗಳೂ ಸಾಚಾ ಅಲ್ಲ. ನಾಯಿಗೆ ಆರು ತಿಂಗಳು ಬೇಕೆಂದು ಗೊತ್ತಿದ್ದೂ ಆರು ವಾರದ ನೋಟೀಸು ಕೊಡುತ್ತವೆ. ನಾಯಿ ಹಿಂದಿನಿಂದ ಬರುವ ತನಕ ಅದರ ಪಾಲನೆಯ ಖರ್ಚು ಕೊಡಿ ಅಂತ ಈ ಹುಡುಗರು ಒಮ್ಮೆಯಾದರೂ ಬಾಯಿಬಿಟ್ಟು ಕೇಳಲಿ. ಸಂಬಳಕ್ಕೆ ಚೌಕಾಸಿ ಮಾಡುವ ಬಾಯಿ ಇದಕ್ಕೆ ಯಾಕೆ ಹೊಲಿದುಕೊಳ್ಳುತ್ತದೆ?

ಕರ್ನಾಟಕದಲ್ಲಿ ಕೂತು ಇದನ್ನು ಓದುವ ಅಪ್ಪ ಅಮ್ಮಂದಿರಿಗೆ ನನ್ನದೊಂದು ಮಾತು. ಮಗನೋ ಮಗಳೋ ಫೋನಿನಲ್ಲಿ ನಾಯಿಮರಿ ತರ್ತೀವಿ ಅಂದಾಗ "ಮುದ್ದಾಗಿದೆ" ಅಂತ ಸುಮ್ಮನಾಗಬೇಡಿ. ಚಿಪ್ ಯಾವತ್ತು ಹಾಕಿಸ್ತೀರಿ? ರಕ್ತಪರೀಕ್ಷೆ ಯಾವಾಗ? ನೀವು ಹೋದರೆ ಇದು ಎಲ್ಲಿರುತ್ತೆ? ಈ ಮೂರು ಪ್ರಶ್ನೆ ಕೇಳಿ. ಮೂರಕ್ಕೂ ಉತ್ತರವಿಲ್ಲದಿದ್ದರೆ ನಾಯಿ ಬೇಡ ಅಂತ ಖಡಾಖಂಡಿತ ಹೇಳಿ. ಆಗಲೇ ತಂದಾಗಿದ್ದರೆ, ಈ ವಾರವೇ ಚಿಪ್ ಹಾಕಿಸು ಅಂತ ಹೇಳಿ.