ನಿಮ್ಮ ಮಾತ್ರೆಯ ಹೆಸರೇನು?

ನಮ್ಮ ಚಿಕ್ಕಮ್ಮನಿಗೆ ಹೃದಯದ ಕವಾಟ ಬದಲಿಸಿ ಒಂಬತ್ತು ವರ್ಷವಾಯಿತು. ಅಂದಿನಿಂದ ದಿನಾ ಸಂಜೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರೋಮ್ ನುಂಗುತ್ತಾರೆ. ಹೋದ ಬೇಸಿಗೆಯಲ್ಲಿ ಅವರಿಗೆ ಬೆನ್ನಿನಿಂದ ಪಕ್ಕೆಯವರೆಗೆ ಸರ್ಪಸುತ್ತು ಎದ್ದಿತು. "ಬೇರೆ ಮಾತ್ರೆ ಏನಾದರೂ ತಗೋತೀರಾಮ್ಮ?" ಎಂದು ಕ್ಲಿನಿಕ್ಕಿನಲ್ಲಿ ಕೇಳಿದ್ದಕ್ಕೆ "ಹಾರ್ಟಿಂದು ಒಂದು ಸಣ್ಣ ಮಾತ್ರೆ" ಎಂದರಂತೆ. ವೈರಸ್ಸಿಗೆಂದು ಕೊಟ್ಟ ಅಸೈಕ್ಲೋವಿರ್ ಜೊತೆಗೆ ಉರಿನೋವಿಗೆಂದು ಡೈಕ್ಲೋಫೆನಾಕ್ ಕೂಡ ಮನೆಗೆ ಬಂತು. ನಾಲ್ಕನೆಯ ದಿನ ಹಲ್ಲುಜ್ಜುವಾಗ ಬಂದ ಒಸಡಿನ ರಕ್ತ ನಿಲ್ಲಲೇ ಇಲ್ಲ. ಮರುದಿನ ಮಲ ಡಾಂಬರಿನ ಹಾಗೆ ಕಪ್ಪಗಿತ್ತು. ಆಸ್ಪತ್ರೆಗೆ ಸೇರಿಸಿ ಉಳಿಸಿಕೊಂಡೆವು.

ಮನೆಯವರೆಲ್ಲ ದೂರಿದ್ದು ವೈರಸ್ಸಿನ ಮಾತ್ರೆಯನ್ನು. ಅಸೈಕ್ಲೋವಿರ್‌ಗೂ ಅಸಿಟ್ರೋಮ್‌ಗೂ ಅಂಥ ದೊಡ್ಡ ವೈರವಿಲ್ಲ. ಹೊಟ್ಟೆಯ ಒಳಪದರವನ್ನು ಹುಣ್ಣು ಮಾಡಿ ರಕ್ತಸ್ರಾವಕ್ಕೆ ದಾರಿ ತೆರೆದದ್ದು ನೋವಿನ ಮಾತ್ರೆ. ಅದರ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ.

ಹಾಗೆಂದು ವೈರಸ್ಸಿನ ಔಷಧಗಳೆಲ್ಲ ನಿರಪಾಯವೂ ಅಲ್ಲ. ಕೋವಿಡ್‌ಗೆ ಐದು ದಿನ ಕೊಡುವ ಪ್ಯಾಕ್ಸ್‌ಲೋವಿಡ್‌ನಲ್ಲಿ ರಿಟೋನಾವಿರ್ ಇದೆ. 1996ರಲ್ಲಿ ಎಚ್‌ಐವಿ ಔಷಧವಾಗಿ ಬಂದ ಇದಕ್ಕೆ ಈಗಿರುವುದು ಕಾವಲಿನ ಕೆಲಸ: ಯಕೃತ್ತಿನ ಒಂದು ಕಿಣ್ವವನ್ನು ತಡೆದು, ಜೊತೆಗಾರ ಔಷಧ ಬೇಗ ಕರಗಿಹೋಗದಂತೆ ನೋಡಿಕೊಳ್ಳುವುದು. ರಕ್ತ ತೆಳುವಾಗಿಸುವ ಇನ್ನೊಂದು ಮಾತ್ರೆ ರಿವರಾಕ್ಸಬಾನ್ ದೇಹದಿಂದ ಖಾಲಿಯಾಗಲು ನೆರವಾಗುವುದೂ ಅದೇ ಕಿಣ್ವ. ಅದನ್ನು ತಡೆದರೆ ರಿವರಾಕ್ಸಬಾನ್ ರಕ್ತದಲ್ಲಿ ಎರಡೂವರೆ ಪಟ್ಟಿನವರೆಗೂ ಏರಬಲ್ಲದು. ಸ್ಟೆಂಟ್ ಹಾಕಿಸಿಕೊಂಡವರ ಕ್ಲೋಪಿಡೋಗ್ರೆಲ್‌ನ ಕಥೆ ಇದಕ್ಕೆ ತದ್ವಿರುದ್ಧ. ಯಕೃತ್ತಿನಲ್ಲಿ ಮಾರ್ಪಟ್ಟ ಮೇಲೆಯೇ ಅದಕ್ಕೆ ಶಕ್ತಿ ಬರುವುದು. ರಿಟೋನಾವಿರ್ ಆ ಮಾರ್ಪಾಟಿಗೇ ಅಡ್ಡ ನಿಲ್ಲುತ್ತದೆ. ಅಲ್ಲಿ ರಕ್ತ ಸೋರುವ ಭಯ, ಇಲ್ಲಿ ಹೆಪ್ಪುಗಟ್ಟುವ ಭಯ. ಹೆಪಟೈಟಿಸ್ ಸಿ ಔಷಧ ತೆಗೆದುಕೊಂಡವರಲ್ಲಿ ಇನ್ನೂ ವಿಚಿತ್ರ. ವೈರಸ್ ತೊಲಗಿ ಯಕೃತ್ತು ಚೇತರಿಸಿಕೊಂಡಂತೆ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚು ತಯಾರಿಸತೊಡಗುತ್ತದೆ, ಅಸಿಟ್ರೋಮ್‌ನ ಬಗೆಯದೇ ಆದ ವಾರ್ಫರಿನ್‌ನ ಹಳೆಯ ಪ್ರಮಾಣ ಸಾಲದಾಗುತ್ತದೆ.

ಆದ್ದರಿಂದ "ರಕ್ತ ತೆಳುವಾಗೋ ಮಾತ್ರೆ" ಎಂದರೆ ಸಾಲದು, ಯಾವ ಮಾತ್ರೆ ಎಂದು ಹೇಳಬೇಕು. ಹೇಳುವುದಾದರೂ ಹೇಗೆ? ಅಂಗಡಿಯವರು ಶೀಟು ಕತ್ತರಿಸಿ ಐದು ಮಾತ್ರೆ ಕೊಟ್ಟಾಗ ಹೆಸರಿದ್ದ ತುಂಡು ಅಲ್ಲೇ ಉಳಿದಿರುತ್ತದೆ. ಡಿಸ್ಚಾರ್ಜ್ ಕಾಗದ ಇಂಗ್ಲಿಷಿನಲ್ಲಿ ಬೀರುವಿನೊಳಗಿರುತ್ತದೆ. ಕವಾಟವನ್ನೇ ಬದಲಿಸಬಲ್ಲ ಆಸ್ಪತ್ರೆಗೆ, ಮಾತ್ರೆಯ ಹೆಸರು, ಪ್ರಮಾಣ, ರಕ್ತ ಹೆಪ್ಪುಗಟ್ಟುವ ವೇಗ ತಿಳಿಸುವ ಪಿಟಿ-ಐಎನ್‌ಆರ್ ಪರೀಕ್ಷೆಯ ಹಿಂದಿನ ದಿನಾಂಕ ಇರುವ ಅಂಗೈಯಗಲದ ಕನ್ನಡ ಕಾರ್ಡೊಂದನ್ನು ಕೊಡುವುದು ಕಷ್ಟವೇ? ಇದನ್ನು ನಾನು ಬೇಡಿಕೆಯಾಗಿಯೇ ಇಡುತ್ತಿದ್ದೇನೆ.

ಹೆದರಿ ತಾವಾಗಿಯೇ ಮಾತ್ರೆ ನಿಲ್ಲಿಸುವವರೂ ಇದ್ದಾರೆ. ದಯವಿಟ್ಟು ಬೇಡ. ಲೋಹದ ಕವಾಟದ ಮೇಲೆ ಹೆಪ್ಪು ಕೂತರೆ ಅದು ಮಿದುಳಿಗೂ ಹೋಗಬಹುದು. ಯಾವುದನ್ನು ಕಡಿಮೆ ಮಾಡಬೇಕು, ಯಾವುದನ್ನು ಬದಲಿಸಬೇಕು ಎಂಬುದನ್ನು ಹೃದಯದ ಡಾಕ್ಟರಿಗೆ ಫೋನ್ ಮಾಡಿಯೇ ತೀರ್ಮಾನಿಸಬೇಕು. ವಾರ್ಫರಿನ್, ಅಸಿಟ್ರೋಮ್ ತೆಗೆದುಕೊಳ್ಳುವವರು ಹೊಸ ಔಷಧ ಶುರುವಾದ ಕೆಲವೇ ದಿನಗಳಲ್ಲಿ ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ ಐಎನ್‌ಆರ್ ನೋಡಿಸಬೇಕು. ರಿಟೋನಾವಿರ್‌ನ ಪ್ರಭಾವವಂತೂ ಕೊನೆಯ ಮಾತ್ರೆಯ ನಂತರವೂ ಕೆಲವು ದಿನ ಉಳಿದಿರುತ್ತದೆ.

ಚಿಕ್ಕಮ್ಮನ ಅಡಿಕೆ ಚೀಲದಲ್ಲಿ ಈಗ ಮೊಮ್ಮಗಳು ದಪ್ಪಕ್ಷರದಲ್ಲಿ ಬರೆದುಕೊಟ್ಟ ಚೀಟಿಯಿದೆ. ಕಳೆದ ತಿಂಗಳು ಜ್ವರಕ್ಕೆಂದು ಹೋದಾಗ, ಡಾಕ್ಟರು ಪೆನ್ನು ತೆಗೆಯುವ ಮೊದಲೇ ಅದನ್ನು ಮೇಜಿನ ಮೇಲಿಟ್ಟರು.