ಕಾನೂನು ಕಲಿಸುವ ಸಿನಿಮಾ ಯಾರಿಗಾಗಿ?

ಸಿನಿಮಾ ತೋರಿಸಿ, ಹೆಸರಾಂತ ಖಟ್ಲೆಗಳ ಕಥೆ ಹೇಳಿ, ಅಪರಾಧ ಕಾನೂನನ್ನೂ ವಕೀಲಿ ಧರ್ಮವನ್ನೂ ಕಲಿಸುವ ಪದ್ಧತಿ ಕಾನೂನು ಕಾಲೇಜುಗಳಿಗೆ ಬಂದಿದೆ. ಕಲಮುಗಳನ್ನು ಬಾಯಿಪಾಠ ಮಾಡಿ ದೊಡ್ಡವರಾದ ಕೆಲವು ಹಿರಿಯ ವಕೀಲರು ಇದಕ್ಕೆ ಮೂಗು ಮುರಿಯುತ್ತಾರೆ. ಗಾಂಧಿ ಕ್ಲಾಸಿನ ಸರಕು ಪಾಠದ ಕೋಣೆಗೆ ಬರಬಾರದೆಂಬುದು ಅವರ ಹಟ. ನಾವು ಅವರ ಕಡೆಯವರಲ್ಲ. ಕೋರ್ಟಿನ ಮೆಟ್ಟಿಲು ಹತ್ತದ ಕೂಲಿಗಾರನೂ ಸಿನಿಮಾದಲ್ಲಿ ಕಟಕಟೆ ಕಂಡಿದ್ದಾನೆ. ಪಾಠ ಅಲ್ಲಿಂದ ಶುರುವಾದರೆ ತಪ್ಪೇನು?

ನಮ್ಮ ಜಗಳ ಬೇರೆ. ಯಾವ ಖಟ್ಲೆ ತೋರಿಸುತ್ತೀರಿ? ಕಥೆಯನ್ನು ಎಲ್ಲಿಗೆ ನಿಲ್ಲಿಸುತ್ತೀರಿ? ಯಾರನ್ನು ಕೂರಿಸಿ ತೋರಿಸುತ್ತೀರಿ?

ಎಲ್ಲರ ಬಾಯಲ್ಲಿರುವ ನಾನಾವತಿ ಖಟ್ಲೆಯನ್ನೇ ನೋಡೋಣ. 1959ರ ಏಪ್ರಿಲ್ 27, ಮುಂಬಯಿ. ಪ್ರೇಮ್ ಅಹುಜಾನೊಡನೆ ತನಗಿದ್ದ ಸಂಬಂಧವನ್ನು ನೌಕಾದಳದ ಕಮಾಂಡರ್ ನಾನಾವತಿಗೆ ಆತನ ಹೆಂಡತಿಯೇ ಹೇಳಿದಳು. ಆತ ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟ. ಹಡಗಿಗೆ ಹೋಗಿ ಸುಳ್ಳು ನೆಪ ಹೇಳಿ ರಿವಾಲ್ವರ್ ಮತ್ತು 6 ಗುಂಡು ಪಡೆದ. ಅಹುಜಾನನ್ನು ಆಫೀಸಿನಲ್ಲಿ ಹುಡುಕಿ, ಅಲ್ಲಿ ಸಿಗದೆ ಮನೆಗೆ ಹೋಗಿ ಕೊಂದ. ‘ಬ್ಲಿಟ್ಜ್’ ವಾರಪತ್ರಿಕೆ ಆತನನ್ನು ವೀರನೆಂದು ಮೆರೆಸಿತು. ಜ್ಯೂರಿಯ 9 ಮಂದಿಯಲ್ಲಿ 8 ಮಂದಿ ನಿರ್ದೋಷಿ ಎಂದರು.

2016ರ ‘ರುಸ್ತುಂ’ ಸಿನಿಮಾ ಇದೇ ಕಥೆಯಿಂದ ಹುಟ್ಟಿದ್ದು. ಅಲ್ಲಿ ನಾಯಕ ದೇಶಭಕ್ತನಾಗುತ್ತಾನೆ, ಜ್ಯೂರಿ ಬಿಡುಗಡೆ ಮಾಡುತ್ತದೆ, ಜನ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಆದರೆ ಕಾನೂನಿನ ಪಾಠ ಶುರುವಾಗುವುದೇ ಅಲ್ಲಿಂದ. ಸೆಷನ್ಸ್ ಜಡ್ಜಿ ಜ್ಯೂರಿಯ ತೀರ್ಮಾನವನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. 1960ರ ಮಾರ್ಚ್ 11ರಂದು ಹೈಕೋರ್ಟು ಕೊಲೆಯೆಂದು ತೀರ್ಮಾನಿಸಿ ಜೀವಾವಧಿ ಶಿಕ್ಷೆ ಕೊಟ್ಟಿತು. 1961ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಹಠಾತ್ತನೆ ಕೆರಳಿ ಕೊಂದರೆ ಕಾನೂನಿನಲ್ಲಿ ರಿಯಾಯಿತಿ ಉಂಟು. ಆದರೆ ಮನೆ ಬಿಟ್ಟು ಸುಮಾರು 3 ಗಂಟೆಯಾದ ಮೇಲೆ, ಯೋಚಿಸಿ ಆಯುಧ ತಂದವನಿಗೆ ಅದು ಸಲ್ಲದು ಎಂದಿತು.

ಇನ್ನೊಂದು ಮಾತು ಉಂಟು. ಹೈಕೋರ್ಟು ಶಿಕ್ಷೆ ವಿಧಿಸಿದ ದಿನವೇ ರಾಜ್ಯಪಾಲರು ಅದನ್ನು ಅಮಾನತಿನಲ್ಲಿಟ್ಟರು! ಅಪರಾಧಿ ಸೆರೆಮನೆಗೆ ಹೋಗದೆ ನೌಕಾದಳದ ವಶದಲ್ಲಿ ಉಳಿದ. ಅಪೀಲು ನಡೆಯುವಾಗ ರಾಜ್ಯಪಾಲರು ಹೀಗೆ ಕೈಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಕೊನೆಗೆ 1964ರಲ್ಲಿ ಕ್ಷಮಾದಾನ. ಗಿರಣಿಯ ಕೂಲಿಗಾರನೊಬ್ಬ ಇದೇ ಕೃತ್ಯ ಮಾಡಿದ್ದರೆ ರಾಜಭವನದ ಲೇಖನಿ ಅದೇ ದಿನ ಓಡುತ್ತಿತ್ತೇ? ವಿದ್ಯಾರ್ಥಿಗಳ ಮುಂದಿಡಬೇಕಾದ ಪ್ರಶ್ನೆ ಇದು.

ಈಗ ಮೀರತ್ ಖಟ್ಲೆಯನ್ನು ನೋಡಿ. 1928ರಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಕೆಲಸಗಾರರು ತಿಂಗಳುಗಟ್ಟಲೆ ಮುಷ್ಕರ ಹೂಡಿದರು. ಮರುವರ್ಷ ಮಾರ್ಚಿನಲ್ಲಿ ದೇಶದ ನಾನಾ ಕಡೆ 30ಕ್ಕೂ ಹೆಚ್ಚು ಕಾರ್ಮಿಕ ಮುಂದಾಳುಗಳನ್ನು ಸರ್ಕಾರ ಹಿಡಿಯಿತು. ದೊರೆಯ ವಿರುದ್ಧ ಒಳಸಂಚೆಂಬ ಆಪಾದನೆ. ಖಟ್ಲೆಯನ್ನು ಮುಂಬಯಿ, ಕಲ್ಕತ್ತೆ ಬಿಟ್ಟು ದೂರದ ಮೀರತ್ತಿಗೆ ಒಯ್ದರು. ಅಲ್ಲಿ ಜ್ಯೂರಿಯ ಹಂಗಿರಲಿಲ್ಲ. ತೀರ್ಪು ಬಂದದ್ದು 1933ರ ಜನವರಿಯಲ್ಲಿ. ಅದೇ ವರ್ಷ ಅಲಹಾಬಾದ್ ಹೈಕೋರ್ಟು ಹಲವರನ್ನು ಬಿಟ್ಟಿತು, ಉಳಿದವರ ಶಿಕ್ಷೆ ಇಳಿಸಿತು. ಅಷ್ಟರಲ್ಲಿ ಸುಮಾರು 4 ವರ್ಷದ ಸೆರೆ ಸವೆದಿತ್ತು! ಆ ಆಪಾದಿತರಲ್ಲಿದ್ದ ಇಂಗ್ಲಿಷ್ ಯುವಕ ಫಿಲಿಪ್ ಸ್ಪ್ರಾಟ್ ಮುಂದೆ ನಮ್ಮ ಬೆಂಗಳೂರಿನಲ್ಲೇ ನೆಲೆಸಿದ್ದರು. ಆದರೂ ನಮ್ಮ ಹುಡುಗರಿಗೆ ನಾನಾವತಿ ಗೊತ್ತು, ಮೀರತ್ ಗೊತ್ತಿಲ್ಲ.

ಒಳ್ಳೆಯ ಸಿನಿಮಾಗಳೂ ಇವೆ. 2014ರ ಮರಾಠಿ ‘ಕೋರ್ಟ್’ನಲ್ಲಿ, ಗಟಾರದ ಕೆಲಸಗಾರನನ್ನು ಆತ್ಮಹತ್ಯೆಗೆ ಪ್ರೇರೇಪಿಸಿತೆಂದು ಒಂದು ಹಾಡಿನ ಮೇಲೆ ಖಟ್ಲೆ, ಹಾಡಿದ ಮುದುಕ ತಾರೀಖಿನಿಂದ ತಾರೀಖಿಗೆ ಅಲೆಯುತ್ತಾನೆ. ಸರ್ಕಾರಿ ವಕೀಲೆ ರಾಕ್ಷಸಿಯಲ್ಲ, ಸಂಜೆ ಮನೆಗೆ ಹೋಗಿ ಅಡುಗೆ ಮಾಡುವವಳು. ಅನ್ಯಾಯ ಮಾಡಲು ದುಷ್ಟರೇ ಬೇಕಿಲ್ಲ, ರೂಢಿಯಂತೆ ಕೆಲಸ ಮುಗಿಸುವವರು ಸಾಕು. ನಿರಪರಾಧಿಗೆ ಶಿಕ್ಷೆಯಾಗದಂತೆ ನಡೆದುಕೊಳ್ಳುವುದು ಸರ್ಕಾರಿ ವಕೀಲರ ಕರ್ತವ್ಯವೆಂದು ಬಾರ್ ಕೌನ್ಸಿಲಿನ ನಿಯಮವೇ ಹೇಳುತ್ತದೆ. ವಕೀಲಿ ಧರ್ಮದ ಪಾಠಕ್ಕೆ ಇದಕ್ಕಿಂತ ಬೇರೆ ಪುಸ್ತಕ ಬೇಕೆ? 2021ರ ತಮಿಳು ‘ಜೈ ಭೀಮ್’, ಲಾಕಪ್ಪಿನಲ್ಲಿ ಸತ್ತ ಬಡವನೊಬ್ಬನ 1993ರ ಪ್ರಕರಣದಿಂದ ಬಂದದ್ದು. ಆತನ ಹೆಂಡತಿಯ ಪರವಾಗಿ ಮದರಾಸು ಹೈಕೋರ್ಟಿನಲ್ಲಿ ನಿಂತ ವಕೀಲ ಚಂದ್ರು ಮುಂದೆ ಅದೇ ಕೋರ್ಟಿನ ನ್ಯಾಯಮೂರ್ತಿಯಾದರು.

ಇವನ್ನು ಕಾಲೇಜಿನ ಗೋಡೆಯೊಳಗೆ ಏಕೆ ಬಚ್ಚಿಡಬೇಕು? ಗಿರಣಿಯ ಗೇಟಿನ ಬಳಿ, ಸಂತೆಯ ಬಯಲಿನಲ್ಲಿ ತೋರಿಸಿ. ತೋರಿಸಿದ ಮೇಲೆ ವಿದ್ಯಾರ್ಥಿಗಳೇ ನಿಂತು ಹೇಳಲಿ: ಹಿಡಿದವನನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು, ಹಿಡಿದ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು. ಇದು ಸಂವಿಧಾನದ 22ನೇ ವಿಧಿ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಆಪಾದಿತನ ಮೇಲೆ ಸಾಕ್ಷ್ಯವಾಗದು. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಕೈಗಾರಿಕಾ ಕಾರ್ಮಿಕನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರುಂಟು. ಕಸ್ಟಡಿಯಲ್ಲಿರುವ ಯಾರಿಗೂ, ಅಂಗಡಿಕಾರನಿಗೂ, ಉಂಟು. ಸಿನಿಮಾದವರು ಇನ್ನೂ ‘ದಫಾ 302’ ಎನ್ನಬಹುದು. 2024ರ ಜುಲೈ 1ರಿಂದ ನಡೆದ ಕೊಲೆಗೆ ನ್ಯಾಯ ಸಂಹಿತೆಯ 103ನೇ ಕಲಮು. ಅಷ್ಟನ್ನೂ ತಿದ್ದಿ ಹೇಳಲಿ.

ಗೆಳೆಯರೇ, ಮುಷ್ಕರದ ದಿನ ಠಾಣೆಯಲ್ಲಿ ಖಾಲಿ ಕಾಗದ ಮುಂದಿಟ್ಟು ರುಜು ಹಾಕು ಎಂದರೆ, ‘ಹಾಕುವುದಿಲ್ಲ, ವಕೀಲರನ್ನು ಕರೆಸಿ’ ಎನ್ನಬಲ್ಲವನು ನಮ್ಮಲ್ಲಿ ಎಷ್ಟು ಮಂದಿ? ಆ ಮಾತು ಹೇಳುವ ಧೈರ್ಯ ಕೊಡದ ಪಾಠ, ಸಿನಿಮಾದಿಂದ ಬಂದರೂ ಪುಸ್ತಕದಿಂದ ಬಂದರೂ, ನಮಗೆ ಬೇಡ. ಕೊಡುವ ಪಾಠವನ್ನು ಕಾಲೇಜುಗಳು ನಮ್ಮ ಬೀದಿಗೆ ತರಲಿ. ಬಾಡಿಗೆಯಿಲ್ಲದ ಬಯಲು ನಮ್ಮಲ್ಲಿದೆ, ಕೂರುವ ಜನವೂ ಇದ್ದಾರೆ.